ಸಿಗರೇಟು ಬಿಡಿಸುವ ಆ್ಯಪ್‌ನಲ್ಲಿ ಏನಿರಬೇಕು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಧೂಮಪಾನ ಬಿಡಲು ನೆರವಾಗುವ ಮೊಬೈಲ್ ಆ್ಯಪ್ ಬಗ್ಗೆ. ಉತ್ತರಿಸಿದವರು ಒಬ್ಬ ವ್ಯಸನಮುಕ್ತಿ ಆಪ್ತಸಮಾಲೋಚಕರು ಮತ್ತು ಒಬ್ಬ ಆ್ಯಂಡ್ರಾಯ್ಡ್ ಪ್ರೋಗ್ರಾಮರ್.

ಪ್ರಶ್ನೆ: ಅಂತಿಮ ವರ್ಷದ ಬಿ.ಇ. ಪ್ರಾಜೆಕ್ಟಿಗೆ ಸಿಗರೇಟು ಬಿಡಿಸುವ ಆ್ಯಪ್ ಮಾಡುತ್ತಿದ್ದೇವೆ. ಬಿಟ್ಟು ಎಷ್ಟು ದಿನವಾಯಿತು, ಎಷ್ಟು ಹಣ ಉಳಿಯಿತು, ಬ್ಯಾಡ್ಜ್, ಗುಂಪು ಚಾಟ್, ಶ್ವಾಸಕೋಶದ ಚಿತ್ರ ಎಂದೆಲ್ಲ ಪಟ್ಟಿ ಮಾಡಿಕೊಂಡಿದ್ದೇವೆ. ಯಾವುದರಿಂದ ಶುರು ಮಾಡುವುದು? (ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಪಟ್ಟಿಯಲ್ಲಿ ಇಲ್ಲದ್ದರಿಂದಲೇ ಶುರು ಮಾಡಿ. ‘ಈಗ ಸೇದಬೇಕೆನಿಸುತ್ತಿದೆ’ ಎಂಬ ಒಂದು ದೊಡ್ಡ ಬಟನ್ ಬೇಕು. ಸೇದುವ ತುಡಿತ ಏರಿ ಇಳಿಯಲು ಸಾಮಾನ್ಯವಾಗಿ 3ರಿಂದ 5 ನಿಮಿಷ ಹಿಡಿಯುತ್ತದೆ. ಆ್ಯಪ್ ಕೆಲಸಕ್ಕೆ ಬರಬೇಕಾದದ್ದು ಆ ಹೊತ್ತಿನಲ್ಲಿ. ಚಹಾ ಅಂಗಡಿಯ ಮುಂದೆ ನಿಂತವನಿಗೆ ಲಾಗಿನ್, ಓಟಿಪಿ, ತಿರುಗುತ್ತಲೇ ಇರುವ ಚಕ್ರ ತೋರಿಸಿದರೆ ಅವನು ಅಷ್ಟರಲ್ಲಿ ಕಡ್ಡಿ ಗೀರಿರುತ್ತಾನೆ. ಈ ಬಟನ್ ಇಂಟರ್ನೆಟ್ ಇಲ್ಲದೆಯೂ ನಡೆಯಬೇಕು. ಹೋಮ್ ಸ್ಕ್ರೀನಿನಲ್ಲಿ ವಿಜೆಟ್ ಆಗಿ ಇದ್ದರೆ ಇನ್ನೂ ಒಳ್ಳೆಯದು.

ಒತ್ತಿದೊಡನೆ 5 ನಿಮಿಷದ ಟೈಮರ್ ಓಡಲಿ. ಅದರ ಕೆಳಗೆ ಒಂದು ಸಲಕ್ಕೆ ಒಂದೇ ಕೆಲಸ ಬರಲಿ. ಮೊದಲು ಉಸಿರಾಟ: 4 ಸೆಕೆಂಡ್ ಒಳಕ್ಕೆ, 6 ಸೆಕೆಂಡ್ ಹೊರಕ್ಕೆ. ಹತ್ತು ಸುತ್ತಿಗೆ 100 ಸೆಕೆಂಡ್ ಕಳೆಯುತ್ತದೆ. ಆಮೇಲೆ ಒಂದು ಲೋಟ ನೀರು, ಗುಟುಕು ಗುಟುಕಾಗಿ. ಆಮೇಲೆ ಇದ್ದ ಜಾಗ ಬಿಟ್ಟು ನಡೆಯುವುದು, ಇಲ್ಲವೇ ಮೊದಲೇ ಆರಿಸಿಟ್ಟ ಒಬ್ಬರಿಗೆ ಫೋನ್ ಮಾಡುವುದು. ‘ಯಾಕೆ ಅನಿಸಿತು?’ ಎಂದು ಮೊದಲಿಗೇ ಕೇಳಬೇಡಿ, ಟೈಮರ್ ಮುಗಿದ ಮೇಲೆ ಕೇಳಿ. ಆಯ್ಕೆಗಳು ನಮ್ಮ ಜನರ ದಿನಚರಿಯವೇ ಆಗಿರಲಿ: ಚಹಾ-ಕಾಫಿ ಜೊತೆ, ಊಟವಾದ ಮೇಲೆ, ಗೆಳೆಯರ ನಡುವೆ, ಗಾಡಿ ಓಡಿಸುವಾಗ, ಕುಡಿಯುವಾಗ, ಜಗಳವಾದ ಮೇಲೆ, ಬೆಳಿಗ್ಗೆ ಶೌಚಕ್ಕೆ ಮುಂಚೆ. ಕೊನೆಯದನ್ನು ನಗುತ್ತ ಬಿಟ್ಟುಬಿಡುವವರಿದ್ದಾರೆ. ಆದರೆ ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಬರುವುದುಂಟು. ಎಷ್ಟೋ ಜನರ ಪ್ರಯತ್ನ ಅಲ್ಲೇ ಮುರಿಯುತ್ತದೆ.

ಆರಂಭದ ಪ್ರಶ್ನೆಗಳು ನಾಲ್ಕೈದು ಮೀರಬಾರದು. ಅವುಗಳಲ್ಲಿ ಎರಡು ಕಡ್ಡಾಯ: ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು, ದಿನಕ್ಕೆ ಎಷ್ಟು. ಎದ್ದ 5 ನಿಮಿಷದೊಳಗಾದರೆ 3 ಅಂಕ, 6ರಿಂದ 30 ನಿಮಿಷಕ್ಕೆ 2, 31ರಿಂದ 60ಕ್ಕೆ 1, ಇನ್ನೂ ತಡವಾದರೆ 0. ದಿನಕ್ಕೆ 10ರವರೆಗೆ 0, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೆ ಮೇಲೆ 3. ಎರಡನ್ನೂ ಕೂಡಿಸಿ 5 ಅಥವಾ 6 ಬಂದರೆ ಅವಲಂಬನೆ ಹೆಚ್ಚು. ಅಂಥವರಿಗೆ ಬರೀ ಆ್ಯಪ್ ಸಾಲದು, ವೈದ್ಯರನ್ನು ಕಾಣುವ ದಾರಿಯನ್ನು ಮೊದಲ ದಿನವೇ ತೋರಿಸಿ. ಬಿಡುವ ದಿನಾಂಕ ಎರಡು ವಾರದ ಒಳಗಿರಲಿ.

ಉಳಿದ ಹಣದ ಲೆಕ್ಕ ಇರಲಿ. ಆದರೆ ಪ್ಯಾಕಿನ ಬೆಲೆಯಿಂದ ಮಾಡಬೇಡಿ. ರಾಜ್ಯದಲ್ಲಿ ಬಿಡಿ ಮಾರಾಟಕ್ಕೆ ನಿಷೇಧವಿದ್ದರೂ ಗೂಡಂಗಡಿಯಲ್ಲಿ ಜನ ಕೊಳ್ಳುವುದು ಒಂದೊಂದೇ. ‘ಒಂದಕ್ಕೆ ಎಷ್ಟು ಕೊಡುತ್ತೀರಿ?’ ಎಂದೇ ಕೇಳಿ. ಗುಂಪು ಚಾಟ್ ಸದ್ಯಕ್ಕೆ ಬೇಡ. ರಾತ್ರಿ ಹನ್ನೊಂದಕ್ಕೆ ಯಾರೋ ‘ಒಂದು ಸೇದಿದರೆ ಏನೂ ಆಗಲ್ಲ’ ಎಂದು ಬರೆದರೆ ನೋಡಿಕೊಳ್ಳುವವರು ನಿಮ್ಮಲ್ಲಿ ಯಾರು? ಕಪ್ಪಾದ ಶ್ವಾಸಕೋಶದ ಚಿತ್ರವೂ ಬೇಡ, ಪ್ಯಾಕಿನ ಮೇಲೆ ದಿನವೂ ಭಯದ ಚಿತ್ರ ನೋಡಿಯೇ ಸೇದುತ್ತಿದ್ದವರು ಅವರು.

ಪ್ರಶ್ನೆ: 26 ದಿನ ಬಿಟ್ಟಿದ್ದ ಗೆಳೆಯ ಒಂದು ಮದುವೆಯಲ್ಲಿ ಒಂದು ಸೇದಿದ. ಆ್ಯಪ್ ಲೆಕ್ಕವನ್ನು ಸೊನ್ನೆಗೆ ಇಳಿಸಿತು. ಅವನು ಆ್ಯಪ್ ತೆಗೆದುಹಾಕಿ ಮತ್ತೆ ಸೇದತೊಡಗಿದ. ಸೊನ್ನೆ ಮಾಡದಿದ್ದರೆ ಶಿಸ್ತು ಹೋಗುವುದಿಲ್ಲವೇ? (ಶಿವಮೊಗ್ಗ)

ಉತ್ತರ: ಇಲ್ಲ. ಸೊನ್ನೆ ಮಾಡಿದರೆ ಇನ್ನೊಂದು ನಷ್ಟವೂ ಇದೆ: ಲೆಕ್ಕ ಉಳಿಸಿಕೊಳ್ಳಲು ಜನ ಸುಳ್ಳು ಹೇಳುತ್ತಾರೆ. ಆಮೇಲೆ ಆ್ಯಪ್ ಕೊಡುವ ಸಲಹೆಯೆಲ್ಲ ತಪ್ಪು ಮಾಹಿತಿಯ ಮೇಲೆ ನಿಲ್ಲುತ್ತದೆ.

ಡೇಟಾಬೇಸಿನಲ್ಲಿ ‘ದಿನ 26’ ಎಂಬ ಅಂಕಿಯನ್ನು ಇಡಬೇಡಿ. ಪ್ರತಿ ಘಟನೆಯನ್ನೂ ಸಮಯದೊಂದಿಗೆ ಬರೆದಿಡಿ: ತುಡಿತ ಬಂತು, ದಾಟಿತು, ಸೇದಿದರು. ಪರದೆಯ ಮೇಲೆ ‘ಕಳೆದ 27 ದಿನದಲ್ಲಿ ಸೇದದ ದಿನ 26’ ಎಂದು ಕಾಣಲಿ. ‘ಸೇದಿಬಿಟ್ಟೆ’ ಬಟನ್ ಕೂಡ ತುಡಿತದ ಬಟನ್ನಿನಷ್ಟೇ ಸುಲಭವಾಗಿ ಸಿಗಬೇಕು, ಮೆನುವಿನ ಮೂರನೇ ಪುಟದಲ್ಲಿ ಅಡಗಿರಬಾರದು. ಒತ್ತಿದಾಗ ‘ಸೋತಿರಿ’, ‘ಮತ್ತೆ ಮೊದಲಿಂದ’ ಎಂಬ ಮಾತು ಬೇಡ. ಎಷ್ಟು ಸೇದಿದರು, ಎಲ್ಲಿ ಎಂಬ ಎರಡು ಪ್ರಶ್ನೆ, ಜೇಬಿನಲ್ಲಿ ಉಳಿದದ್ದನ್ನು ಈಗಲೇ ಎಸೆಯಿರಿ ಎಂಬ ಒಂದು ಸೂಚನೆ, ಮುಂದಿನ 24 ಗಂಟೆಯಲ್ಲಿ ಮೂರು ಸಲ ವಿಚಾರಣೆ. ಒಂದು ಸಿಗರೇಟನ್ನು ಮರಳಿ ಚಟ ಎನ್ನಲಾಗದು. ಸತತ 7 ದಿನ ಸೇದಿದರೆ ಮಾತ್ರ ಹೊಸ ದಿನಾಂಕ ಗೊತ್ತುಮಾಡಲು ಕೇಳಿ.

ತುಡಿತವನ್ನು ಅದುಮುವ ಬದಲು ಅದು ಬಂದು ಹೋಗುವುದನ್ನು ಗಮನಿಸಲು ಕಲಿಸುವ ಬಗೆಯ ಒಂದು ಆ್ಯಪನ್ನು ಅಮೆರಿಕದಲ್ಲಿ 2,415 ಜನರ ಮೇಲೆ ಪರೀಕ್ಷಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಒಂದು ವರ್ಷದ ಬಳಿಕ ಹಿಂದಿನ 30 ದಿನ ಸೇದದೆ ಇದ್ದವರು ಆ ಗುಂಪಿನಲ್ಲಿ ಸುಮಾರು 28%, ಸಾಮಾನ್ಯ ಸಲಹೆಯ ಆ್ಯಪ್ ಬಳಸಿದ ಗುಂಪಿನಲ್ಲಿ 21%. ಅಂತರ ದೊಡ್ಡದಲ್ಲ, ಆದರೆ ನಿಜವಾದದ್ದು. ಒಳ್ಳೆಯ ಆ್ಯಪ್ ಬಳಸಿಯೂ ಬಿಡಲಾಗದವರೇ ಹೆಚ್ಚು ಎಂಬುದೂ ಅದರಲ್ಲೇ ಇದೆ. ಸೇದಿದ ಮರುದಿನಕ್ಕೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಪ್ರಶ್ನೆ: ನಮ್ಮ ಆ್ಯಪ್‌ನ ನೆನಪೋಲೆಗಳು ಕೆಲವು ಫೋನುಗಳಲ್ಲಿ ಗಂಟೆ ತಡವಾಗಿ ಬರುತ್ತವೆ. ಒತ್ತಕ್ಷರಗಳ ಕೆಳಭಾಗವೂ ಕತ್ತರಿಸಿಹೋಗುತ್ತದೆ. (ಬೆಂಗಳೂರು)

ಉತ್ತರ: ಫೋನ್ ಸುಮ್ಮನೆ ಬಿದ್ದಿದ್ದಾಗ ಬ್ಯಾಟರಿ ಉಳಿಸಲು ಆ್ಯಂಡ್ರಾಯ್ಡ್ ಹಿನ್ನೆಲೆಯ ಕೆಲಸಗಳನ್ನು ಒಟ್ಟುಗೂಡಿಸಿ ಮುಂದೂಡುತ್ತದೆ. ಇಂಥ ಕೆಲಸಗಳನ್ನು ನಡೆಸಲು ಇರುವ ವರ್ಕ್‌ಮ್ಯಾನೇಜರ್ ಎಂಬ ಸೌಲಭ್ಯದಲ್ಲಿ ಮರುಕಳಿಸುವ ಕೆಲಸಕ್ಕೆ ಕನಿಷ್ಠ ಅಂತರ 15 ನಿಮಿಷ, ಅದೂ ಹೊತ್ತಿಗೆ ಸರಿಯಾಗಿ ನಡೆಯುವ ಭರವಸೆಯಿಲ್ಲ. ನಿಖರ ಅಲಾರ್ಮ್‌ಗೆ ಬೇರೆ ಅನುಮತಿ ಬೇಕು. ಆ್ಯಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಹೆಚ್ಚಿನ ಆ್ಯಪ್‌ಗಳಿಗೆ ಅದು ತಾನಾಗಿ ಸಿಗುವುದಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಅಲಾರ್ಮ್‌ಗಳೆಲ್ಲ ಅಳಿಸಿಹೋಗುತ್ತವೆ, ಮತ್ತೆ ಹೊಂದಿಸುವ ಕೋಡ್ ನೀವೇ ಬರೆಯಬೇಕು. ಇವೆಲ್ಲದರ ಮೇಲೆ ಕಂಪನಿಗಳ ಸ್ವಂತ ಬ್ಯಾಟರಿ ಉಳಿತಾಯ ಬೇರೆ.

ನಿಮಿಷಕ್ಕೆ ಸರಿಯಾಗಿಯೇ ಬರಬೇಕೆ ಎಂದು ಮೊದಲು ಯೋಚಿಸಿ. ನಾಲ್ಕರ ಚಹಾಕ್ಕೆ ಎಚ್ಚರಿಸಲು ಮೂರೂವರೆಯಿಂದ ನಾಲ್ಕರೊಳಗೆ ಯಾವಾಗ ಬಂದರೂ ನಡೆಯುತ್ತದೆ. ದಿನಕ್ಕೆ ಎರಡು-ಮೂರಕ್ಕಿಂತ ಹೆಚ್ಚು ಕಳಿಸಬೇಡಿ, ಒಕ್ಕಣೆಯಲ್ಲಿ ‘ಸಿಗರೇಟು’ ಎಂಬ ಪದವೂ ಬೇಡ. ಮರೆತಿದ್ದವನಿಗೆ ನೆನಪಿಸಿದಂತಾಗುತ್ತದೆ, ಪಕ್ಕದಲ್ಲಿ ಕೂತವರೂ ಓದುತ್ತಾರೆ. ಆ್ಯಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೇಳಬೇಕು. ಆ್ಯಪ್ ತೆರೆದ ಕೂಡಲೇ ಕೇಳುವ ಬದಲು ಬಿಡುವ ದಿನಾಂಕ ಗೊತ್ತಾದ ಮೇಲೆ ಕೇಳಿ. ಎರಡು ಸಲ ‘ಬೇಡ’ ಅಂದರೆ ಮತ್ತೆ ಕೇಳುವ ಅವಕಾಶ ಇರುವುದಿಲ್ಲ.

ಅಕ್ಷರ ಕತ್ತರಿಸುವುದಕ್ಕೆ ಕಾರಣ ಇಂಗ್ಲಿಷಿಗೆ ಅಳೆದಿಟ್ಟ ಎತ್ತರ. ಬಟನ್ನಿಗೆ ನಿಗದಿತ ಎತ್ತರ ಕೊಡಬೇಡಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂದು ಬರೆದು, ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ ಪರೀಕ್ಷಿಸಿ.

ಪ್ರಶ್ನೆ: ನಮ್ಮ ಯಜಮಾನರು ಬೀಡಿ ಸೇದುತ್ತಾರೆ. ಅವರಿಗೆ ಗೊತ್ತಾಗದಂತೆ ಆ್ಯಪ್ ಹಾಕಿ, ಲೆಕ್ಕ ನನಗೆ ಬರುವಂತೆ ಮಾಡಬಹುದೇ? ಮಾವನವರೂ ಸೇದುತ್ತಾರೆ, ಅವರದು ಕೀಪ್ಯಾಡ್ ಫೋನ್. (ಗೃಹಿಣಿ, ದಾವಣಗೆರೆ)

ಉತ್ತರ: ಬೇಡಮ್ಮ. ಗೊತ್ತಾದ ದಿನ ಆ್ಯಪೂ ಹೋಗುತ್ತದೆ, ಮಾತುಕತೆಯೂ ನಿಲ್ಲುತ್ತದೆ. ಅವರಾಗಿಯೇ ನಿಮ್ಮನ್ನು ‘ಕರೆ ಮಾಡುವವರು’ ಎಂದು ಆರಿಸಿಕೊಳ್ಳಲಿ. ಇಬ್ಬರಿಗೂ 1800-11-2356 ಉಚಿತ ಸಹಾಯವಾಣಿ ಇದೆ. ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತನಾಡುತ್ತಾರೆ. ಮಾವನವರಿಗೆ ಇದೇ ಸರಿಯಾದ ದಾರಿ.

ಆ್ಯಪ್ ಮಾಡುವವರಿಗೆ ಇಲ್ಲಿ ಎರಡು ಮಾತು. ಬೀಡಿ ಆರುತ್ತದೆ, ಮತ್ತೆ ಹಚ್ಚುತ್ತಾರೆ, ಹಾಗಾಗಿ ‘ದಿನಕ್ಕೆ ಎಷ್ಟು’ ಎಂಬುದಕ್ಕೆ ಸರಿಯಾದ ಉತ್ತರ ಸಿಗದು. ‘ಒಂದು ಕಟ್ಟು ಎಷ್ಟು ದಿನಕ್ಕೆ?’ ಎಂದು ಕೇಳಿ. ಬೀಡಿ ಬಿಟ್ಟು ಗುಟ್ಕಾ, ಕಡ್ಡಿಪುಡಿಗೆ ಹೋದರೇ ಎಂದೂ ವಿಚಾರಿಸಿ. ಕೀಪ್ಯಾಡ್ ಫೋನಿಗೆ ಎಸ್‌ಎಂಎಸ್ ಕಳಿಸುವುದಾದರೆ, ಕನ್ನಡದ ಒಂದು ಸಂದೇಶಕ್ಕೆ ಸಿಗುವುದು 70 ಸ್ಥಾನ. ಒತ್ತಕ್ಷರ, ಗುಣಿತದ ಚಿಹ್ನೆಗಳನ್ನೂ ಬೇರೆಬೇರೆ ಎಣಿಸುವುದರಿಂದ ‘ಸ್ತ್ರೀ’ ಒಂದೇ ಆರು ಸ್ಥಾನ ತಿನ್ನುತ್ತದೆ.

ಪ್ರಶ್ನೆ: ನಿಕೋಟಿನ್ ಗಮ್ ಎಷ್ಟು ಮಿ.ಗ್ರಾಂ ಎಂದು ಆ್ಯಪ್ ಹೇಳಬಹುದೇ? (ಮೈಸೂರು)

ಉತ್ತರ: ಪ್ರಮಾಣವನ್ನು ವೈದ್ಯರಿಗೆ ಬಿಡಿ, ಅಗಿಯುವ ರೀತಿಯನ್ನು ಆ್ಯಪ್ ಕಲಿಸಲಿ. ಬಬಲ್ ಗಮ್‌ನಂತೆ ಅಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆ, ‘ಇದು ನನಗಾಗದು’ ಎಂದು ಬಿಡುತ್ತಾರೆ. ಚುರುಕು ರುಚಿ ಬರುವವರೆಗೆ ನಿಧಾನ ಅಗಿದು, ಕೆನ್ನೆ-ವಸಡಿನ ನಡುವೆ ಇಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಒಂದು ಗಮ್ ಸುಮಾರು ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ನಿಂಬೆ ಶರಬತ್ತು ಕುಡಿಯಬಾರದು, ಹುಳಿಗೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಎಂದು ಗೊತ್ತಾದರೆ ಈ ಪುಟದ ಬದಲು ವೈದ್ಯರನ್ನು ಕಾಣುವ ಸೂಚನೆ ಬರಲಿ.

ಹೆಚ್ಚಿನ ಆ್ಯಪ್‌ಗಳು ಬಿಟ್ಟುಬಿಡುವ ಸಂಗತಿ ಇನ್ನೊಂದಿದೆ. ಸಿಗರೇಟಿನ ಹೊಗೆ ಯಕೃತ್ತು ಕೆಫೀನನ್ನು ಕರಗಿಸುವ ವೇಗ ಹೆಚ್ಚಿಸಿರುತ್ತದೆ. ಬಿಟ್ಟ ಮೇಲೆ ಆ ವೇಗ ಇಳಿದು, ಕುಡಿಯುತ್ತಿದ್ದಷ್ಟೇ ಕಾಫಿ ಹೆಚ್ಚು ಹತ್ತುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ಸಿಗರೇಟು ಬಿಟ್ಟದ್ದಕ್ಕೇ ಹೀಗೆ ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಮೊದಲ ವಾರ ಕಾಫಿ ಅರ್ಧಕ್ಕೆ ಇಳಿಸಲು ಆ್ಯಪ್ ಹೇಳಲಿ. ಇದೇ ಕಾರಣಕ್ಕೆ ಕ್ಲೋಜಪೀನ್, ಒಲಾಂಜಪೀನ್ (ಮಾನಸಿಕ ಕಾಯಿಲೆಯ ಔಷಧಗಳು), ಥಿಯೋಫಿಲಿನ್ (ಉಬ್ಬಸದ ಔಷಧ) ತೆಗೆದುಕೊಳ್ಳುವವರ ರಕ್ತದಲ್ಲಿ ಔಷಧದ ಮಟ್ಟ ಏರಬಹುದು. ಅವರು ಬಿಡುವ ಮುನ್ನವೇ ವೈದ್ಯರಿಗೆ ತಿಳಿಸಬೇಕು.

ಪ್ರಶ್ನೆ: ಬಳಕೆದಾರರ ಮಾಹಿತಿ ಸರ್ವರಿನಲ್ಲಿ ಇಡಲೇಬೇಕೇ? (ಮಂಗಳೂರು)

ಉತ್ತರ: ಇಲ್ಲ. ಎಸ್‌ಎಂಎಸ್ ಬಿಟ್ಟರೆ ಮೇಲೆ ಹೇಳಿದ್ದೆಲ್ಲ ಫೋನಿನೊಳಗೇ ನಡೆಯುತ್ತದೆ. ಇಡುವುದೇ ಆದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು. ಎಲ್ಲ ಅಳಿಸುವ ಬಟನ್ ಇರಲಿ. ಖರ್ಚಿಗೆಂದು ಜಾಹೀರಾತು ಸೇರಿಸಬೇಡಿ: ಯಾರು ಎಷ್ಟು ಹೊತ್ತಿಗೆ ಈ ಆ್ಯಪ್ ತೆರೆದರು ಎಂಬುದು ಆ ಜಾಹೀರಾತು ಕೋಡ್ ಮೂಲಕವೇ ಹೊರಗೆ ಹೋಗಬಹುದು.