ಒಗ್ಗಿದ್ದು ದೇಹವಲ್ಲ, ಯೀಸ್ಟ್

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ಸಕ್ಕರೆ ಕಾಯಿಲೆಯಿದೆ. ಪದೇ ಪದೇ ಬಾಯಿಯೊಳಗೆ ಬಿಳಿ ಪದರ ಕಟ್ಟಿ ನಾಲಗೆ ಉರಿಯುತ್ತದೆ. ಹಿಂದೆಲ್ಲ ಫ್ಲುಕೊನಜೋಲ್ ಮಾತ್ರೆಯಿಂದ ವಾಸಿಯಾಗುತ್ತಿತ್ತು. ಈ ಸಲ ಎರಡು ವಾರ ನುಂಗಿದರೂ ಜಗ್ಗಲಿಲ್ಲ. ಕಲ್ಚರ್ ವರದಿಯಲ್ಲಿ ‘ಕ್ಯಾಂಡಿಡಾ ಆಲ್ಬಿಕನ್ಸ್, ಫ್ಲುಕೊನಜೋಲ್‌ಗೆ ನಿರೋಧಕ’ ಎಂದಿದೆ. ಮಾತ್ರೆ ತಿಂದು ತಿಂದು ದೇಹ ಒಗ್ಗಿಹೋಯಿತೇ? ಇಷ್ಟು ಸಣ್ಣ ಜೀವಿ ಮದ್ದನ್ನು ಸೋಲಿಸುವುದನ್ನು ಎಲ್ಲಿ ಕಲಿಯಿತು?

ಉತ್ತರ: ನಿಮ್ಮ ತಾಯಿಯ ದೇಹ ಯಾವುದಕ್ಕೂ ಒಗ್ಗಿಲ್ಲ, ಬದಲಾದದ್ದು ಕ್ಯಾಂಡಿಡಾ ಎಂಬ ಯೀಸ್ಟ್, ಅಂದರೆ ಬಾಯಲ್ಲಿ ಬೆಳೆದಿರುವ ಶಿಲೀಂಧ್ರ. ಅದು ಕೂಡ ಏನನ್ನೂ ಕಲಿತಿಲ್ಲ. ಅಸಂಖ್ಯ ಕೋಶಗಳಲ್ಲಿ ಯಾವುದೋ ಒಂದರ ಜೀನ್ ಆಕಸ್ಮಿಕವಾಗಿ ಬದಲಾಗಿತ್ತು. ಮಾತ್ರೆ ಉಳಿದವುಗಳನ್ನು ಅದುಮಿಟ್ಟಾಗ ಜಾಗವೆಲ್ಲ ಅದರ ಸಂತಾನಕ್ಕೆ ಸಿಕ್ಕಿತು.

ಯೀಸ್ಟ್ ಕೋಶದ ಪೊರೆ ಗಟ್ಟಿಯಾಗಿರಲು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಒಂದು ಕಿಣ್ವದ ಜೀನ್ ಇಆರ್‌ಜಿ11. ಫ್ಲುಕೊನಜೋಲ್ ಆ ಕಿಣ್ವದೊಳಗೆ ಕೂತು ಕೆಲಸ ನಿಲ್ಲಿಸುತ್ತದೆ. ಆದರೆ ಕ್ಯಾಂಡಿಡಾವನ್ನು ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಬೆಳೆಯಗೊಡುವುದಿಲ್ಲ ಅಷ್ಟೆ. ಕಸ ಗುಡಿಸುವ ಕೆಲಸ ನಮ್ಮ ರೋಗನಿರೋಧಕ ಶಕ್ತಿಯದು. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಆ ಶಕ್ತಿ ಸೊರಗಿರುತ್ತದೆ. ಬದುಕುಳಿದ ಕೋಶಗಳಿಗೆ ಬದಲಾಗಲು ಬೇಕಾದಷ್ಟು ಸಮಯ ಸಿಗುತ್ತದೆ.

ಬದಲಾವಣೆ ಕಿಣ್ವದಲ್ಲೇ ಆಗಬಹುದು. ಅದರ 132ನೇ ಸ್ಥಾನದಲ್ಲಿ ಟೈರೊಸಿನ್ ಎಂಬ ಅಮೈನೋ ಆಮ್ಲ ಹೋಗಿ ಫಿನೈಲ್‌ಅಲನಿನ್ ಎಂಬ ಇನ್ನೊಂದು ಬಂದರೂ ಸಾಕು, ಮದ್ದಿನ ಹಿಡಿತ ಸಡಿಲವಾಗುತ್ತದೆ. ನನಗೆ ಇದಕ್ಕಿಂತ ಕುತೂಹಲಕರವಾಗಿ ಕಾಣುವುದು ಪಂಪುಗಳ ಕಥೆ. ಒಳಬಂದ ಮದ್ದನ್ನು ಹೊರಗೆಸೆಯುವ ಸಿಡಿಆರ್1, ಸಿಡಿಆರ್2 ಎಂಬ ಪಂಪುಗಳ ಜೀನ್‌ಗಳು ಆಲ್ಬಿಕನ್ಸ್‌ನಲ್ಲಿ ಮೊದಲಿನಿಂದಲೂ ಇವೆ. ಅವುಗಳನ್ನು ಎಷ್ಟು ಓಡಿಸಬೇಕೆಂದು ನಿರ್ಧರಿಸುವುದು ಟಿಎಸಿ1 ಎಂಬ ನಿಯಂತ್ರಕ ಜೀನ್. ಅದರಲ್ಲಿ ಒಂದೇ ಅಕ್ಷರ ತಪ್ಪಿದರೂ ಸ್ವಿಚ್ ಕಚ್ಚಿಕೊಂಡ ಮೋಟಾರಿನಂತೆ ಪಂಪು ಹಗಲೂ ರಾತ್ರಿ ಓಡಬಹುದು. ಎಂಡಿಆರ್1 ಎಂಬ ಇನ್ನೊಂದು ಪಂಪಿನ ಸ್ವಿಚ್ ಎಂಆರ್‌ಆರ್1. ಯುಪಿಸಿ2 ಎಂಬ ಮತ್ತೊಂದು ಸ್ವಿಚ್ ಹೀಗೆಯೇ ಕಚ್ಚಿಕೊಂಡರೆ ಇಆರ್‌ಜಿ11 ಕಿಣ್ವವೇ ಮಿತಿಮೀರಿ ತಯಾರಾಗಿ, ಎಲ್ಲವನ್ನೂ ತಡೆಯುವಷ್ಟು ಮದ್ದು ಸಾಲುವುದಿಲ್ಲ.

ಆಲ್ಬಿಕನ್ಸ್‌ನಲ್ಲಿ ಪ್ರತಿ ಜೀನ್‌ನ ಎರಡು ಪ್ರತಿಗಳಿರುತ್ತವೆ. ಒಂದು ಮಾತ್ರ ಬದಲಾದರೆ ಪರಿಣಾಮ ಅರೆಬರೆ. ಮುಂದೆ ಸರಿಯಿದ್ದ ಪ್ರತಿ ಅಳಿದು, ಅದರ ಜಾಗಕ್ಕೂ ಬದಲಾದದ್ದೇ ಬಂದಾಗ ನಿರೋಧ ಬಲಿಯುತ್ತದೆ. ಇನ್ನೂ ಒಂದು ಒಳದಾರಿಯನ್ನು 2006ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಇಆರ್‌ಜಿ11 ಮತ್ತು ಟಿಎಸಿ1 ಎರಡೂ ಐದನೇ ವರ್ಣತಂತುವಿನ ಎಡತೋಳಿನಲ್ಲಿವೆ. ಕೆಲವು ನಿರೋಧಕ ತಳಿಗಳಲ್ಲಿ ಎರಡು ಎಡತೋಳುಗಳು ಬೆಸೆದುಕೊಂಡ ಹೆಚ್ಚುವರಿ ವರ್ಣತಂತುವೇ ಇತ್ತು! ಕಿಣ್ವ, ಸ್ವಿಚ್ ಎರಡಕ್ಕೂ ಒಮ್ಮೆಗೇ ಹೆಚ್ಚಿನ ಪ್ರತಿಗಳು.

ವರದಿಯಲ್ಲಿ ಪ್ರಭೇದದ ಹೆಸರನ್ನು ತಪ್ಪದೆ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಕ್ಯಾಂಡಿಡಾದ ಇನ್ನೊಂದು ಪ್ರಭೇದವಾದ ಗ್ಲಾಬ್ರಾಟಾದಲ್ಲಿ ಜೀನ್‌ಗೆ ಒಂದೇ ಪ್ರತಿ. ಪಿಡಿಆರ್1 ಎಂಬ ಸ್ವಿಚ್ಚಿನಲ್ಲಿ ಒಂದು ತಪ್ಪಾದರೆ ಮುಗಿಯಿತು. ಕ್ರುಸೈ ಎಂಬ ಪ್ರಭೇದ ಹುಟ್ಟಿನಿಂದಲೇ ಫ್ಲುಕೊನಜೋಲ್‌ಗೆ ಬಗ್ಗದು.

ಇನ್ನು ಚಿಕಿತ್ಸೆ. ಫ್ಲುಕೊನಜೋಲನ್ನೇ ಇನ್ನಷ್ಟು ದಿನ ನುಂಗಿಸಬೇಡಿ. ಎಂಡಿಆರ್1 ಮುಖ್ಯವಾಗಿ ಫ್ಲುಕೊನಜೋಲನ್ನು ಹೊರಗೆಸೆದರೆ, ಸಿಡಿಆರ್ ಪಂಪುಗಳು ಅದರ ಸೋದರ ಮದ್ದುಗಳನ್ನೂ ಬಿಡುವುದಿಲ್ಲ. ಆದ್ದರಿಂದ ಇಟ್ರಕೊನಜೋಲ್ ಕೆಲಸ ಮಾಡೀತೇ ಎಂಬುದಕ್ಕೆ ವರದಿಯಲ್ಲಿ ಅದರ ಮುಂದಿರುವ ಫಲಿತಾಂಶವೇ ಉತ್ತರ; ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ನಿಸ್ಟಾಟಿನ್ ದ್ರವದ ದಾರಿ ಬೇರೆ, ಅದು ನೇರವಾಗಿ ಎರ್ಗೊಸ್ಟೆರಾಲ್‌ಗೇ ಅಂಟಿಕೊಳ್ಳುತ್ತದೆ. ಅಂದ ಹಾಗೆ, ತಾಯಿಯವರು ಹಲ್ಲಿನ ಸೆಟ್ ಹಾಕುತ್ತಾರೆಯೇ? ನೀವು ಬರೆದಿಲ್ಲ. ಹಾಕುವುದಾದರೆ ರಾತ್ರಿ ತೆಗೆದಿಟ್ಟು ಚೆನ್ನಾಗಿ ಉಜ್ಜಿ ತೊಳೆಯಲಿ. ಅದರ ಒಳಮೈಯಲ್ಲಿ ಲೋಳೆಯಂತೆ ಅಂಟಿಕೊಂಡ ಯೀಸ್ಟ್‌ಗೆ ಮಾತ್ರೆ ಸರಿಯಾಗಿ ತಾಗುವುದೇ ಇಲ್ಲ.