ಓದುಗರ ಪ್ರಶ್ನೆ: ಹೊಟ್ಟೆಗೆ ಪೆಟ್ಟು ಬಿದ್ದಾಗ ಡಾಕ್ಟರ್ ಯಾಕೆ ಕಾಯುತ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಅಪಘಾತದಲ್ಲಿ ಹೊಟ್ಟೆಗೆ ಬೀಳುವ ಪೆಟ್ಟಿನ ಬಗ್ಗೆಯೇ ಪ್ರಶ್ನೆಗಳು ಜಾಸ್ತಿ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದ. ಹ್ಯಾಂಡಲ್ ಹೊಟ್ಟೆಗೆ ಜೋರಾಗಿ ತಗುಲಿತ್ತು. ಅಲ್ಟ್ರಾಸೌಂಡ್ ಮಾಡಿ ‘ಸದ್ಯಕ್ಕೆ ಏನೂ ಕಾಣ್ತಿಲ್ಲ’ ಅಂದರು. ಮರುದಿನ ಕರುಳು ತೂತಾಗಿದೆ ಅಂತ ಆಪರೇಷನ್ ಮಾಡಿದರು. ಮೊದಲ ದಿನವೇ ಗೊತ್ತಾಗಬೇಕಿತ್ತಲ್ವಾ?

ಉತ್ತರ: ನಿಮ್ಮ ಬೇಸರ ಸಹಜ. ಆದರೆ ತುರ್ತು ವಿಭಾಗದಲ್ಲಿ ಮೊದಲು ಮಾಡುವ ಆ ಅಲ್ಟ್ರಾಸೌಂಡ್, ಅಂದರೆ ಫಾಸ್ಟ್ ಸ್ಕ್ಯಾನ್, ಮುಖ್ಯವಾಗಿ ಹುಡುಕುವುದು ಒಳಗೆ ಸೋರಿ ನಿಂತ ರಕ್ತವನ್ನು. ನಾಲ್ಕೇ ಜಾಗ ನೋಡುತ್ತಾರೆ: ಬಲಕ್ಕೆ ಲಿವರ್ ಮತ್ತು ಕಿಡ್ನಿ ನಡುವೆ, ಎಡಕ್ಕೆ ಗುಲ್ಮದ (ಸ್ಪ್ಲೀನ್) ಸುತ್ತ, ಕೆಳಹೊಟ್ಟೆಯಲ್ಲಿ, ಆಮೇಲೆ ಹೃದಯದ ಸುತ್ತ. ಲಿವರ್ ಮತ್ತು ಕಿಡ್ನಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣಬೇಕು. ನಡುವೆ ಕಪ್ಪು ಗೆರೆ ಕಂಡರೆ ಅಲ್ಲಿ ದ್ರವ ಸೇರಿದೆ ಅಂತ ಅರ್ಥ. ಸುಮಾರು 200 ಮಿಲಿಗಿಂತ ಕಡಿಮೆ ಇದ್ದರೆ ಆ ಗೆರೆ ಕಣ್ಣಿಗೆ ಬೀಳದೇ ಹೋಗಬಹುದು. ಕರುಳು ತೂತಾದರೆ ಶುರುವಿನಲ್ಲಿ ರಕ್ತ ಹೆಚ್ಚು ಬರುವುದೇ ಇಲ್ಲ.

2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಎದೆ ಮತ್ತು ಹೊಟ್ಟೆಯ ಪೆಟ್ಟಿನ ಬಗ್ಗೆ 34 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಗಾಯ ಇರುವ 100 ಜನರಲ್ಲಿ ಈ ಸ್ಕ್ಯಾನ್ ಹಿಡಿಯುವುದು ಸುಮಾರು 74 ಜನರನ್ನು. ಗಾಯ ಇಲ್ಲದ 100ರಲ್ಲಿ 96 ಜನರಿಗೆ ಅದು ಸರಿಯಾಗಿ ‘ಇಲ್ಲ’ ಅನ್ನುತ್ತದೆ. ಹಾಗಾಗಿ ಅದು ‘ಇದೆ’ ಅಂದರೆ ನಂಬಬಹುದು, ‘ಇಲ್ಲ’ ಅಂದರೆ ಅಷ್ಟಕ್ಕೇ ಮನೆಗೆ ಕಳಿಸುವಂತಿಲ್ಲ. ಸಿಟಿ ಸ್ಕ್ಯಾನ್ ಇದಕ್ಕಿಂತ ಎಷ್ಟೋ ಮೇಲು, ಆದರೂ ಮೊದಲ ಕೆಲವು ಗಂಟೆಗಳಲ್ಲಿ ಕರುಳಿನ ಮತ್ತು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಗಾಯ ಅದರಲ್ಲೂ ತಪ್ಪಿಹೋಗುವುದುಂಟು. ಹ್ಯಾಂಡಲ್ ತಗುಲಿದಾಗ, ಸೀಟ್ ಬೆಲ್ಟ್ ಒತ್ತಿ ಹೊಟ್ಟೆಯ ಮೇಲೆ ಅಡ್ಡಕ್ಕೆ ಕಂದಿದ ಗುರುತು ಬಿದ್ದಾಗ ನಮಗೆ ಹೆಚ್ಚು ಭಯ ಇರುವುದು ಇವೆರಡರದ್ದೇ. ಅದಕ್ಕೇ ಒಬ್ಬರೇ ಡಾಕ್ಟರ್ ಗಂಟೆಗಟ್ಟಲೆ ಬಿಟ್ಟು ಬಿಟ್ಟು ಬಂದು ಹೊಟ್ಟೆ ಒತ್ತಿ ನೋಡುತ್ತಾರೆ. ನೋವು ಹೆಚ್ಚಾಯಿತಾ, ಹೊಟ್ಟೆ ಗಟ್ಟಿಯಾಯಿತಾ, ನಾಡಿ ಓಡುತ್ತಿದೆಯಾ ಅಂತ. ನಿಮ್ಮ ತಮ್ಮನನ್ನು ಅವರು ರಾತ್ರಿ ಆಸ್ಪತ್ರೆಯಲ್ಲೇ ಉಳಿಸಿಕೊಂಡಿದ್ದರಿಂದಲೇ ಮರುದಿನ ಗೊತ್ತಾಗಿದ್ದು ಅಂತ ನನಗನಿಸುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಗುಲ್ಮ ಹರಿದಿದೆ, ಗ್ರೇಡ್ 3 ಅಂದರು. ಆದರೂ ಆಪರೇಷನ್ ಮಾಡದೆ ಸುಮ್ನೆ ಐಸಿಯುನಲ್ಲಿ ಮಲಗಿಸಿದ್ದಾರೆ. ಇದು ನಿರ್ಲಕ್ಷ್ಯ ಅಲ್ಲವೇ?

ಉತ್ತರ: ಅಲ್ಲಮ್ಮ, ಅದೇ ಚಿಕಿತ್ಸೆ. ಗ್ರೇಡ್ ಅಂದರೆ ಗಾಯ ಎಷ್ಟು ದೊಡ್ಡದು ಅನ್ನುವ 1ರಿಂದ 5ರವರೆಗಿನ ಅಳತೆ. ಬಿಪಿ ಮತ್ತು ನಾಡಿ ಸ್ಥಿರವಾಗಿದ್ದರೆ ಕಾಯುವುದೇ ಇವತ್ತಿನ ಪದ್ಧತಿ. ಹಿಂದೆ ಗುಲ್ಮ ಹರಿದರೆ ತೆಗೆದುಹಾಕುವುದೇ ನಿಯಮವಾಗಿತ್ತು. ಅದಿಲ್ಲದೆಯೂ ಬದುಕಬಹುದು, ಮತ್ತೇನು ತೊಂದರೆ ಅಂತ. 1952ರಲ್ಲಿ, ಗುಲ್ಮ ತೆಗೆಸಿಕೊಂಡ ಎಳೆಯ ಮಕ್ಕಳಿಗೆ ಆಮೇಲೆ ಭಾರಿ ಸೋಂಕು ತಗುಲಿದ್ದು ವರದಿಯಾಯಿತು. ಗುಲ್ಮ ರಕ್ತದಲ್ಲಿನ ಬ್ಯಾಕ್ಟೀರಿಯಾ ಸೋಸುವ ಅಂಗ ಅನ್ನುವುದು ಆಗ ಎಲ್ಲರ ಗಮನಕ್ಕೆ ಬಂತು. ಟೊರಾಂಟೊದ ಮಕ್ಕಳ ಆಸ್ಪತ್ರೆಯವರು 1968ರಲ್ಲಿ, ಗುಲ್ಮಕ್ಕೆ ಪೆಟ್ಟಾದ ಮಕ್ಕಳಲ್ಲಿ ಕೆಲವರು ಆಪರೇಷನ್ ಇಲ್ಲದೆಯೇ ಗುಣವಾಗಿದ್ದನ್ನು ಬರೆದರು. ದೊಡ್ಡವರಿಗೆ ಈ ದಾರಿ ಹಿಡಿಯಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ತಡವಾಗಲು ಕಾರಣವಿದೆ. ಒಳಗೆ ಏನಾಗಿದೆ ಅಂತ ನೋಡುವ ಉಪಾಯವೇ ಇರಲಿಲ್ಲ. 1965ರಿಂದ ಬಳಕೆಗೆ ಬಂದ ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ಕೊಳವೆ ಹಾಕಿ, ಸಲೈನ್ ಬಿಟ್ಟು, ವಾಪಸ್ ತೆಗೆದು, ಕೆಂಪು ರಕ್ತಕಣ ಎಣಿಸುತ್ತಿದ್ದರು. ಒಂದು ಘನ ಮಿಲಿಮೀಟರಿಗೆ 1 ಲಕ್ಷ ದಾಟಿದರೆ ಆಪರೇಷನ್. ರಕ್ತ ಇದೆ ಅಂತ ಅದು ಚೆನ್ನಾಗಿಯೇ ಹೇಳುತ್ತಿತ್ತು, ಆದರೆ ಎಲ್ಲಿಂದ ಬಂತು, ನಿಂತಿದೆಯೋ ಇಲ್ಲವೋ ಅಂತ ಹೇಳುತ್ತಿರಲಿಲ್ಲ. ಎಷ್ಟೋ ಸಲ ಹೊಟ್ಟೆ ತೆರೆದು ನೋಡಿದರೆ ರಕ್ತ ಸೋರುವುದು ಆಗಲೇ ನಿಂತಿರುತ್ತಿತ್ತು. ಸಿಟಿ ಬಂದ ಮೇಲೆ ಸೀಳು ಎಷ್ಟು ಆಳ, ರಕ್ತ ಇನ್ನೂ ಚಿಮ್ಮುತ್ತಿದೆಯಾ ಅಂತ ಕಾಣತೊಡಗಿತು. ಬೇಕಾದರೆ ತೊಡೆಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಸೋರುವ ನಾಳವನ್ನು ಮುಚ್ಚಬಹುದು.

ಬಿಪಿ ಬಿದ್ದರೆ ಮಾತ್ರ ಈ ಲೆಕ್ಕವೆಲ್ಲ ಬದಲಾಗುತ್ತದೆ, ತಡ ಮಾಡದೆ ಆಪರೇಷನ್ ಮಾಡುತ್ತಾರೆ. ಗುಲ್ಮ ತೆಗೆಯಲೇಬೇಕಾಗಿ ಬಂದರೆ ನ್ಯುಮೋಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ಕೇಳಿ ಹಾಕಿಸಿ.

ಪ್ರಶ್ನೆ: ಅಪಘಾತವಾದ ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಅರ್ಧಕ್ಕೆ ನಿಲ್ಲಿಸಿ, ಹೊಟ್ಟೆ ಹೊಲಿಯದೆ ಐಸಿಯುಗೆ ತಂದರು. ಹೀಗೂ ಮಾಡುತ್ತಾರಾ?

ಉತ್ತರ: ಮಾಡುತ್ತಾರೆ, ಬೇಕಂತಲೇ. ತುಂಬಾ ರಕ್ತ ಹೋದವರ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಈ ಮೂರು ಒಂದನ್ನೊಂದು ಹೆಚ್ಚಿಸುತ್ತಾ ಹೋಗುತ್ತವೆ. ಆ ಸ್ಥಿತಿಯಲ್ಲಿ ನಾಲ್ಕು ಗಂಟೆ ಕೂತು ಕರುಳನ್ನೆಲ್ಲ ಅಂದವಾಗಿ ಜೋಡಿಸಿದರೆ ರೋಗಿ ಟೇಬಲ್ ಮೇಲೆಯೇ ಹೋಗಬಹುದು. ಅದಕ್ಕೆ ಲಿವರ್ ಸುತ್ತ ಬಟ್ಟೆಯ ಪ್ಯಾಡ್ ಒತ್ತಿಟ್ಟು, ಹರಿದ ಕರುಳಿನ ತುದಿ ಕಟ್ಟಿ, ಹೊಟ್ಟೆಗೆ ತಾತ್ಕಾಲಿಕ ಹೊದಿಕೆ ಹಾಕಿ, ಐಸಿಯುನಲ್ಲಿ ಮೈ ಬೆಚ್ಚಗೆ ಮಾಡಿ ರಕ್ತ ಕೊಟ್ಟು, ಒಂದೆರಡು ದಿನದ ಮೇಲೆ ಉಳಿದ ಕೆಲಸ ಮುಗಿಸುತ್ತಾರೆ. 1993ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ವರದಿಯಲ್ಲಿ, ಅತಿ ಗಂಭೀರ ಗಾಯದವರ ಪೈಕಿ ಈ ರೀತಿ ಮಾಡಿದ 13 ಜನರಲ್ಲಿ 10 ಮಂದಿ ಉಳಿದರು. ಒಂದೇ ಸಲಕ್ಕೆ ಎಲ್ಲ ಸರಿಮಾಡಲು ಹೋದ 9 ಜನರಲ್ಲಿ ಉಳಿದದ್ದು ಒಬ್ಬರು. ಸಂಖ್ಯೆ ಚಿಕ್ಕದು, ಆದರೂ ಪ್ರಪಂಚದ ಸರ್ಜನ್‌ಗಳ ಕೈಚಳಕವನ್ನೇ ಅದು ಬದಲಿಸಿತು.

ಪ್ರಶ್ನೆ: ಪ್ರಜ್ಞೆ ಇಲ್ಲದವರನ್ನು ಸಂಶೋಧನೆಗೆ ಸೇರಿಸುತ್ತಾರಂತೆ. ನಾವೇನು ಪ್ರಯೋಗದ ಇಲಿಗಳಾ?

ಉತ್ತರ: ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಇಂಥ ಅಧ್ಯಯನ ಶುರುವಾಗುವ ಮೊದಲೇ ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಮನೆಯವರನ್ನು ಕೇಳುತ್ತಾರೆ. ‘ಬೇಡ’ ಅನ್ನುವ ಹಕ್ಕು ನಿಮಗಿದೆ, ಅದರಿಂದ ಚಿಕಿತ್ಸೆ ನಿಲ್ಲಬಾರದು.

ಆದರೆ ಅಧ್ಯಯನ ಬೇಡವೇ ಬೇಡ ಅನ್ನಬೇಡಿ. ಎರಡು ಉದಾಹರಣೆ ನೋಡಿ. ಟ್ರಾನೆಕ್ಸಾಮಿಕ್ ಆಸಿಡ್ ರಕ್ತಸ್ರಾವ ತಗ್ಗಿಸುವ ಹಳೆಯ, ಅಗ್ಗದ ಔಷಧಿ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಔಷಧಿ ಪಡೆದವರಲ್ಲಿ ಸಾವು ಶೇ. 14.5, ಪಡೆಯದವರಲ್ಲಿ ಶೇ. 16. ಮೂರು ಗಂಟೆಯೊಳಗೆ ಕೊಟ್ಟರೆ ಲಾಭ, ಆಮೇಲೆ ಕೊಟ್ಟರೆ ರಕ್ತಸ್ರಾವದ ಸಾವು ಹೆಚ್ಚೇ ಆಗುತ್ತದೆ ಅಂತ ಮರುವರ್ಷ ಅದೇ ಮಾಹಿತಿಯಿಂದ ತಿಳಿಯಿತು. ಇನ್ನೊಂದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಧಮನಿಯೊಳಗೆ ಬಲೂನ್ ಊದಿ ರಕ್ತ ತಡೆಯುವ ವಿಧಾನ. ಕೇಳಿದರೆ ಯಾರಾದರೂ ಒಪ್ಪುವ ಉಪಾಯ. ಬ್ರಿಟನ್ನಿನಲ್ಲಿ 90 ಜನರ ಮೇಲೆ ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 90 ದಿನಗಳೊಳಗೆ ಬಲೂನ್ ಗುಂಪಿನಲ್ಲಿ ಶೇ. 54 ಜನ ತೀರಿಕೊಂಡಿದ್ದರು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 42. ಹೋಲಿಸಿ ನೋಡದೇ ಹೋಗಿದ್ದರೆ ಅದನ್ನೇ ಎಲ್ಲರಿಗೂ ಹಾಕುತ್ತಿದ್ದೆವೇನೋ. ಆದ್ದರಿಂದ ನಿಮ್ಮ ಮನೆಯವರ ಮುಂದೆ ಒಪ್ಪಿಗೆ ಪತ್ರ ಬಂದರೆ ಹೆದರಿ ತಳ್ಳಬೇಡಿ. ಎರಡು ಗುಂಪಿಗೂ ಏನೇನು ಕೊಡುತ್ತೀರಿ, ತೊಂದರೆ ಏನಾಗಬಹುದು, ನಡುವೆ ಬಿಡಬಹುದಾ ಅಂತ ನೇರವಾಗಿ ಕೇಳಿ, ಉತ್ತರ ತೃಪ್ತಿಯಾದರೆ ಸಹಿ ಹಾಕಿ.