ಮೊಘಲರೂ ತುರ್ಕಿಯ ಒಟ್ಟೋಮನ್ನರೂ ಯುದ್ಧಕ್ಕೆ ನಿಂತಿದ್ದರೆ ಯಾರು ಗೆಲ್ಲುತ್ತಿದ್ದರು? ಅಂಥ ಕಲ್ಪನೆ ಎಷ್ಟು ನಂಬುವಂಥದ್ದು?

ಗೆಲ್ಲುವ ಮಾತು ಆಮೇಲೆ. ಮೊದಲು ಇವರಿಬ್ಬರೂ ಎದುರಾಗುತ್ತಿದ್ದದ್ದು ಎಲ್ಲಿ, ಹೇಳಿ? ಕಾಬೂಲಿನಿಂದ ಬಾಗ್ದಾದಿಗೆ ನೇರ ಗೆರೆ ಎಳೆದರೂ ಎರಡು ಸಾವಿರ ಕಿಲೋಮೀಟರ್ ದಾಟುತ್ತದೆ. ನಡುವೆ ಇಡೀ ಇರಾನ್, ಅದನ್ನು ಆಳುತ್ತಿದ್ದವರು ಸಫಾವಿ ದೊರೆಗಳು. ಇಂಥ ಪ್ರಶ್ನೆಗೆ ಹೆಚ್ಚಿನವರು ಎರಡೂ ಕಡೆಯ ಕುದುರೆ, ತೋಪುಗಳನ್ನು ಎಣಿಸಿ ತೀರ್ಪು ಕೊಟ್ಟುಬಿಡುತ್ತಾರೆ. ನಾನು ನೋಡುವುದು ಬೇರೆ: ಇದಕ್ಕಿಂತ ಹತ್ತಿರದ, ಇದಕ್ಕಿಂತ ಸುಲಭದ ದಂಡಯಾತ್ರೆಗೆ ಒಂದೊಂದು ರಾಜ್ಯವೂ ನಿಜಕ್ಕೂ ಹೊರಟಾಗ ಏನಾಯಿತು?

ಮೊಘಲರಿಗೆ ಉದಾಹರಣೆ ಬಲ್ಖ್, ಹಿಂದೂಕುಷ್ ಪರ್ವತದಾಚೆಯ ಊರು. 1646ರಲ್ಲಿ ಷಹಜಹಾನ್ ತನ್ನ ಮಗ ಮುರಾದ್ ಬಕ್ಷನನ್ನು ದೊಡ್ಡ ಸೈನ್ಯದ ಜೊತೆ ಹಿಂದೂಕುಷ್ ದಾಟಿಸಿದ. ಊರು ಸುಲಭವಾಗಿಯೇ ಕೈಸೇರಿತು. ಕಷ್ಟ ಶುರುವಾದದ್ದು ಆಮೇಲೆ. ಮುರಾದನಿಗೆ ಅಲ್ಲಿ ಇರಲು ಮನಸ್ಸಿಲ್ಲ, ಅಮೀರರಿಗಂತೂ ಆ ಚಳಿಯೇ ಬೇಡ. ಉಜ್ಬೇಕ್ ಸವಾರರು ಎದುರು ನಿಂತು ಕಾದಾಡದೆ, ಮೇವು ತರಲು ಹೋದವರ ಮೇಲೆ ಎರಗುತ್ತಿದ್ದರು. ಮರುವರ್ಷ ಹೋದ ಔರಂಗಜೇಬ್ ಕಾದಾಟದಲ್ಲಿ ಸೋಲಲಿಲ್ಲ, ಆದರೂ ಊರು ಬಿಟ್ಟುಕೊಟ್ಟು ಹಿಂತಿರುಗಬೇಕಾಯಿತು. ಆ ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ಸತ್ತ ಆಳು, ಕುದುರೆಗಳು ಸಾವಿರಾರು. ಕಂದಹಾರವನ್ನಂತೂ 1649, 1652, 1653ರಲ್ಲಿ ಮೂರು ಸಲ ಮುತ್ತಿದರೂ ಇರಾನಿಯರಿಂದ ಮರಳಿ ಕಿತ್ತುಕೊಳ್ಳಲಾಗಲಿಲ್ಲ. ಅವರು ಬಾಗ್ದಾದ್ ಮುಟ್ಟುತ್ತಿದ್ದರು ಅಂದರೆ ನಾನು ಒಪ್ಪಲಾರೆ.

ಒಟ್ಟೋಮನ್ನರಿಗೆ ಉದಾಹರಣೆ ದೀವ್, ಗುಜರಾತ್ ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಯಿದ್ದ ಊರು. 1538ರಲ್ಲಿ ಈಜಿಪ್ಟಿನ ಒಟ್ಟೋಮನ್ ಅಧಿಪತಿ ಹಾದಿಮ್ ಸುಲೇಮಾನ್ ಪಾಷಾ ಸೂಯೆಜ್‌ನಿಂದ ದೊಡ್ಡ ನೌಕಾಪಡೆ ತಂದ. ಸೂಯೆಜ್‌ನಲ್ಲಿ ಹಡಗಿಗೆ ಬೇಕಾದ ಮರವೇ ಇಲ್ಲ, ಅದನ್ನು ಮೆಡಿಟರೇನಿಯನ್ ಕಡೆಯಿಂದ ತರಿಸಬೇಕು. ಅಷ್ಟೆಲ್ಲ ಖರ್ಚು ಮಾಡಿ ಹೊರಟವನು ದಾರಿಯಲ್ಲಿ ಏಡನ್ ದೊರೆಯನ್ನು ಹಡಗಿಗೆ ಕರೆಸಿಕೊಂಡು ಗಲ್ಲಿಗೇರಿಸಿದ. ಆ ಸುದ್ದಿ ತಿಳಿದ ಗುಜರಾತಿನವರಿಗೆ ಈ ನೆಂಟನ ಸಹವಾಸವೇ ಬೇಡವೆನಿಸಿತು, ದಿನಸಿ ಕೊಡುವುದನ್ನು ನಿಲ್ಲಿಸಿದರು. ಪೋರ್ಚುಗೀಸರ ಹಡಗುಗಳು ಬರುತ್ತಿವೆ ಎಂಬ ಸುದ್ದಿಗೆ ಪಾಷಾ ಮುತ್ತಿಗೆ ಬಿಟ್ಟು ವಾಪಸಾದ. ಹೋರಾಡಬೇಕಿದ್ದದ್ದು ಒಂದು ಕೋಟೆಯೊಡನೆ, ಅದೂ ಮೊದಲಿಗೆ ಸ್ಥಳೀಯರೇ ಕೈಜೋಡಿಸಿದ್ದಾಗ.

ಒಟ್ಟೋಮನ್ ಯುದ್ಧವಿದ್ಯೆ ಭಾರತಕ್ಕೆ ಬಂದದ್ದು ಸಂಬಳದ ಆಳುಗಳ ಮೂಲಕ. ಪಾಣಿಪತ್ತಿನಲ್ಲಿ ಬಾಬರನ ಬಳಿ ಮುಸ್ತಫಾ ರೂಮಿ ಎಂಬ ತೋಪುಗಾರನಿದ್ದ; ರೂಮಿ ಎಂದರೆ ಒಟ್ಟೋಮನ್ ನಾಡಿನವನು. ನಮ್ಮ ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನೂ ಒಬ್ಬ ರೂಮಿಯೇ.

ಸರಿ, ಸಫಾವಿಗಳನ್ನು ನಡುವಿನಿಂದ ತೆಗೆದುಬಿಟ್ಟರೆ? ಅದು ನಿಜವಾಗಿಯೂ ಆಗಿದೆ. 1722ರಲ್ಲಿ ಅಫ್ಘನ್ನರು ಇಸ್ಫಹಾನ್ ಹಿಡಿದರು. ಒಟ್ಟೋಮನ್ನರು ಹಮದಾನ್, ತಬ್ರೀಜ್‌ವರೆಗೆ ಬಂದರು. ದಿಲ್ಲಿ ಕದಲಲೇ ಇಲ್ಲ, ಕದಲುವ ತ್ರಾಣವೂ ಉಳಿದಿರಲಿಲ್ಲ. ಕಡೆಗೆ 1739ರಲ್ಲಿ ನಾದಿರ್ ಷಾನೇ ಇರಾನಿನಿಂದ ದಿಲ್ಲಿಗೆ ಬಂದ. ಸಫಾವಿಗಳು ಬಲವಾಗಿದ್ದ ಕಾಲದಲ್ಲೋ, ಇಬ್ಬರಿಗೂ ಅವರೇ ಶತ್ರು: 1638ರಲ್ಲಿ ಕಂದಹಾರ ಮೊಘಲರ ಪಾಲಾಯಿತು, ಅದೇ ವರ್ಷ ಬಾಗ್ದಾದ್ ಒಟ್ಟೋಮನ್ನರ ಪಾಲಾಯಿತು. ಹೀಗಿರುವಾಗ ಇವರು ಕೈಕುಲುಕುವುದೇ ಹೆಚ್ಚು ಸಹಜ.

ಜಗಳಕ್ಕೆ ನೆಪವೇ ಇರಲಿಲ್ಲವೆಂದಲ್ಲ. ಅಕ್ಬರನ ಸೋದರತ್ತೆ ಗುಲ್‌ಬದನ್ ಬೇಗಂ 1570ರ ದಶಕದಲ್ಲಿ ಹಜ್‌ಗೆ ಹೋಗಿ ಒಟ್ಟೋಮನ್ನರ ಕೈಯಲ್ಲಿದ್ದ ಮೆಕ್ಕಾದಲ್ಲಿ ವರ್ಷಗಟ್ಟಲೆ ಉಳಿದಾಗ, ಈ ಹಿಂದೂಸ್ತಾನಿ ಪರಿವಾರವನ್ನು ವಾಪಸು ಕಳಿಸಿ ಎಂದು ಇಸ್ತಾಂಬುಲ್ ಹುಕುಂ ಹೊರಡಿಸಿತ್ತು. ಅಕ್ಬರ್ ತಾನೇ ಧರ್ಮದ ವಿಷಯದಲ್ಲಿ ಅಂತಿಮ ತೀರ್ಪುಗಾರ ಎಂದು ಘೋಷಿಸಿಕೊಂಡದ್ದು 1579ರಲ್ಲಿ. ಕಥೆ ಬರೆಯುವವರು ಕೆದಕಬೇಕಾದ ಜಾಗ ಇದು. ಆದರೆ ಇನ್ನೊಂದನ್ನೂ ನೋಡಿ: ಅದೇ ಬೇಗಂ ಹೊರಡುವ ಮುನ್ನ ಪೋರ್ಚುಗೀಸರ ರಹದಾರಿಗಾಗಿ ಸೂರತ್ತಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಸ್ವಂತ ಅತ್ತೆಯನ್ನು ಹಡಗು ಹತ್ತಿಸಲು ಪರರ ಚೀಟಿ ಬೇಕಿದ್ದ ಬಾದಷಹ ಕೆಂಪು ಸಮುದ್ರಕ್ಕೆ ಸೈನ್ಯ ಕಳಿಸುತ್ತಿದ್ದನೆ?

ಹಾಗಾಗಿ ನಾನು ನಂಬಬಲ್ಲ ಯುದ್ಧ ತೀರಾ ಚಿಕ್ಕದು. ಜಿದ್ದಾದಲ್ಲಿ ಸೂರತ್ತಿನ ಹಡಗೊಂದು ಜಪ್ತಿಯಾಗುತ್ತದೆ, ಯಾತ್ರಿಕರು ಸಿಕ್ಕಿಬೀಳುತ್ತಾರೆ, ಸೇಡು ತೀರಿಸಲು ಸ್ವಂತ ನೌಕೆಯಿಲ್ಲದ ಅಕ್ಬರ್ ಗೋವೆಯ ಪೋರ್ಚುಗೀಸರಿಗೆ ಹಣ ಕಳಿಸಿ ಕೆಂಪು ಸಮುದ್ರದ ಬಾಯಿ ಕಟ್ಟಿಸುತ್ತಾನೆ. ಯಾರು ಗೆಲ್ಲುತ್ತಿದ್ದರು ಅಂದಿರಲ್ಲ, ಪೋರ್ಚುಗೀಸರು.